ಎರಡೆಕರೆ ಹೊಲ ಕೊಳ್ಳುವುದು ಧಾರವಾಡದ ಕಡೆ ಯಾಕೆ ಇಷ್ಟು ಕಗ್ಗಂಟು?

ಹುಬ್ಬಳ್ಳಿಯಲ್ಲಿ ನೌಕರಿ ಮಾಡುವವರು, ಬೆಂಗಳೂರು ಸಾಕಾಗಿ ವಾಪಸ್ ಬರಬೇಕು ಅನ್ನುವವರು, ನಿವೃತ್ತಿ ಹತ್ತಿರ ಬಂದ ಮಾಸ್ತರರು, ಎಲ್ಲರದೂ ಒಂದೇ ಪ್ರಶ್ನೆ: "ಕಲಘಟಗಿ ಕಡೆ ಎರಡೆಕರೆ ಎಲ್ಲಾದ್ರೂ ಸಿಗ್ತದೇನ್ರಿ?" ಸಣ್ಣದೊಂದು ಮನೆ, ಒಂದು ಆಕಳು, ವರ್ಷದ ಜೋಳ, ಮನೆಗಾಗುವಷ್ಟು ಕಾಯಿಪಲ್ಯೆ, ನಾಲ್ಕು ಮಾವಿನ ಗಿಡ. ಇಷ್ಟೇ ಅವರ ಆಸೆ. 2020ರವರೆಗೆ ಇಂಥ ಬಹಳ ಜನರಿಗೆ ಕಾನೂನೇ ಅಡ್ಡ ಇತ್ತು. ಈಗ ಆ ಅಡ್ಡಿ ಇಲ್ಲ. ಆದರೂ ಹೊಲ ನೋಡಲು ಹೋದವರು ಬರಿಗೈಯಲ್ಲಿ ಬರುವುದು ತಪ್ಪಿಲ್ಲ.

ದಲ್ಲಾಳಿಗಳ ಮೇಲೆ, ಕಚೇರಿಗಳ ಮೇಲೆ ತಪ್ಪು ಹೊರಿಸುವುದು ಸುಲಭ. ನನಗೆ ಕಾಣುವ ಕಾರಣ ಬೇರೆ. ಈ ಭಾಗದ ಹೊಲ ಒಂದು ಮನೆ ಒಂಟಿಯಾಗಿ ಬದುಕಲಿ ಅಂತ ಆದದ್ದೇ ಅಲ್ಲ. ಅದರ ದಾರಿ, ನೀರು, ಕಾಗದ ಎಲ್ಲವೂ ಊರಿನ ಲೆಕ್ಕದಲ್ಲಿ ಬೆಳೆದವು.

ಧಾರವಾಡ, ಗದಗ, ಹಾವೇರಿಯ ಬಯಲು ಹಳ್ಳಿಗಳನ್ನು ನೋಡಿ. ಮನೆಗಳೆಲ್ಲ ಒತ್ತೊತ್ತಾಗಿ ಊರೊಳಗೆ. ಹೊಲ ಊರ ಹೊರಗೆ, ಮೈಲಿ ದೂರ. ಮಲೆನಾಡಿನ ಹಾಗೆ ತೋಟದ ನಡುವೆ ಒಂಟಿ ಮನೆ ಕಟ್ಟುವ ರೂಢಿ ಇಲ್ಲಿ ಕಡಿಮೆ. ಸ್ವಾವಲಂಬನೆ ಇರಲಿಲ್ಲ ಅಂತಲ್ಲ. ಅದು ಮನೆಯದಾಗಿರಲಿಲ್ಲ, ಊರಿನದಾಗಿತ್ತು. ಬಡಿಗ ಕೂರಿಗೆ ಮಾಡಿಕೊಡುತ್ತಿದ್ದ. ಕಮ್ಮಾರ ಕುಳ ಹಣಿಯುತ್ತಿದ್ದ. ಕುಂಬಾರ ಗಡಿಗೆ ಕೊಡುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಕಾಳು, ಅಂದರೆ ಆಯ, ಒಯ್ಯುತ್ತಿದ್ದರು. ಊರ ಕೆಲಸ ಮಾಡುವ ತಳವಾರ, ವಾಲಿಕಾರ, ಶೇತಸನದಿಗಳಿಗೆ ಆ ಕೆಲಸಕ್ಕಾಗಿ ಕೊಟ್ಟ ವತನದ ಹೊಲ ಇತ್ತು. ಬೇಸಾಯ ಮಾಡದವನಿಗೂ ಕಾಳು ಸಿಗುತ್ತಿತ್ತು, ಬೇಸಾಯ ಮಾಡುವವನು ಎಲ್ಲ ಕೆಲಸ ತಾನೇ ಮಾಡಬೇಕಿರಲಿಲ್ಲ. ಈ ಏರ್ಪಾಟಿನಲ್ಲಿ ಜಾತಿಯ ಬಿಗಿ ಎಷ್ಟಿತ್ತು ಅನ್ನುವುದನ್ನು ಮರೆತು ಹೊಗಳಬೇಕಿಲ್ಲ. ಆದರೆ ಇವತ್ತು ಎರಡೆಕರೆಯಲ್ಲಿ ಎಲ್ಲ ನಾನೇ ಮಾಡುತ್ತೇನೆ ಅನ್ನುವವನಿಗೆ ಇಲ್ಲಿ ಹಳೆಯ ಮಾದರಿ ಸಿಗುವುದಿಲ್ಲ.

ಹೊಲಕ್ಕೆ ನಂಬರು ಬಿದ್ದದ್ದು 1840ರ ದಶಕದಲ್ಲಿ. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಕ್ಯಾಪ್ಟನ್ ವಿಂಗೇಟ್ ಇಲ್ಲಿ ಸರ್ವೆ ನಡೆಸಿದ. 33 ಅಡಿಯ ಸರಪಳಿ ಹಿಡಿದು ಅಳೆದರು. 33 ಅಡಿ ಉದ್ದ, 33 ಅಡಿ ಅಗಲ ಆದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಪ್ರತಿ ತುಂಡಿಗೂ ಸರ್ವೆ ನಂಬರು, ಅದರ ಮೇಲೆ ಕಂದಾಯ, ಕಂದಾಯ ಕಟ್ಟುವವನ ಹೆಸರು. ಇವತ್ತಿನ ಉತಾರದ (ಪಹಣಿಯ) ಮೂಲ ಅಲ್ಲಿದೆ. ಹೊಲ ಮಾರುವ, ಅಡವು ಇಡುವ ವಸ್ತುವಾದದ್ದೂ ಆ ಮೇಲೆಯೇ ಜಾಸ್ತಿ. ಸಾಲ ಕೊಟ್ಟವರ ಕೈಗೆ ಹೊಲ ಹೋಯಿತು, ಉಳುವವನು ಗೇಣಿದಾರನಾಗಿ ಉಳಿದ.

ಆ ರೋಗಕ್ಕೆ ಮದ್ದಾಗಿ ಬಂದದ್ದು 1948ರ ಮುಂಬೈ ಗೇಣಿ ಕಾನೂನು. ಅದರ 63ನೇ ಕಲಮು ಒಕ್ಕಲುತನ ಮಾಡದವನಿಗೆ ಹೊಲ ಮಾರುವುದನ್ನು ತಡೆಯಿತು. ಹಳೆ ಮೈಸೂರಿನವರು ಮುಂದೆ ಬಂದ 79ಎ ಕಲಮು ಅಂತ ತಲೆ ಕೆಡಿಸಿಕೊಳ್ಳುವ ಎಷ್ಟೋ ಮೊದಲೇ ಈ ಬೇಲಿ ನಮ್ಮ ಕಡೆ ಇತ್ತು. ರಾಜ್ಯದ ಭೂ ಸುಧಾರಣಾ ಕಾಯ್ದೆ 1961ರಲ್ಲಿ ಆಯಿತು, ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಅದಕ್ಕೆ ನಿಜವಾದ ಹಲ್ಲು ಬಂದದ್ದು ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ. 1974ರ ಮಾರ್ಚ್ 1ಕ್ಕೆ ಗೇಣಿ ಜಮೀನೆಲ್ಲ ಸರ್ಕಾರದ್ದಾಯಿತು. ಹೊಲ ತನ್ನ ಹೆಸರಿಗೆ ಆಗಲು ಉಳುವವನು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಅದಕ್ಕೆ ಕೊನೆಯ ಗಡುವು 1979ರ ಜೂನ್ 30. ಊರಲ್ಲಿ ಹೊಲ ಬಿಟ್ಟು ಪೇಟೆ ಸೇರಿದ್ದ ಮನೆತನಗಳು ಹೊಲ ಕಳೆದುಕೊಂಡವು. ಗೇಣಿದಾರನ ಮಕ್ಕಳು ಮಾಲಕರಾದರು.

ಅದೇ ತಿದ್ದುಪಡಿಯಲ್ಲಿ 79ಎ, 79ಬಿ ಸೇರಿದವು. ಬೇಸಾಯವಲ್ಲದ ಆದಾಯ ವರ್ಷಕ್ಕೆ 12 ಸಾವಿರ ಮುಟ್ಟಿದರೆ ಹೊಲ ಕೊಳ್ಳುವ ಹಾಗಿಲ್ಲ. ಬೆಲೆ ಏರಿದಂತೆ ಮಿತಿಯೂ ಏರಿತು, ಆದರೆ ತಡವಾಗಿ. 1995ರಲ್ಲಿ 2 ಲಕ್ಷ, 2015ರಲ್ಲಿ 25 ಲಕ್ಷ. ನಡುವಿನ 20 ವರ್ಷ 2 ಲಕ್ಷದಲ್ಲೇ ನಿಂತಿತ್ತು. ಇಬ್ಬರೂ ನೌಕರಿಯಲ್ಲಿದ್ದ ಸಾಮಾನ್ಯ ಮನೆಗೂ ಬಾಗಿಲು ಮುಚ್ಚಿತ್ತು ಅಂತಾಯಿತು. ಜನ ಸುಮ್ನೆ ಕೂರಲಿಲ್ಲ. ತಾವೂ ರೈತರ ಮನೆಯವರು ಅಂತ ತೋರಿಸಲು ಅಜ್ಜನ ಉತಾರ ಹುಡುಕಿದರು. ಹಳ್ಳಿಯ ಸೋದರಮಾವನ ಹೆಸರಲ್ಲಿ ಕೊಂಡರು. ಮುಂದೆ ಮಾವನ ಮಕ್ಕಳು ತಕರಾರು ತೆಗೆದರು. ಹಣವಿದ್ದವರಿಗೆ ದಾರಿ ಸಿಗುತ್ತಿತ್ತು, ಎರಡೆಕರೆಯವನಿಗೆ ಕಷ್ಟ. ಬೇಲಿ ಹಾಕಿದ ಉದ್ದೇಶ ಒಳ್ಳೆಯದೇ. ಅದು ತಡೆದದ್ದು ಮಾತ್ರ ಸಣ್ಣವರನ್ನು.

2020ರಲ್ಲಿ ಕೊರೊನಾ ನಡುವೆ ಸುಗ್ರೀವಾಜ್ಞೆ ಬಂತು, ವರ್ಷದ ಕೊನೆಗೆ ಕಾಯ್ದೆಯಾಯಿತು. 79ಎ, ಬಿ, ಸಿ ಮೂರೂ ಹೋದವು. ಅದೂ 1974ರ ಮಾರ್ಚ್ 1ರಿಂದಲೇ ಇರಲಿಲ್ಲ ಅನ್ನುವ ಹಾಗೆ! ರೈತ ಸಂಘಟನೆಗಳು ಬೀದಿಗಿಳಿದವು. ದೊಡ್ಡ ಬಂಡವಾಳ ಬಂದು ಹೊಲ ನುಂಗುತ್ತದೆ ಅನ್ನುವ ಅವರ ಭಯ ಸುಳ್ಳಲ್ಲ. ಹುಬ್ಬಳ್ಳಿ, ಧಾರವಾಡದ ಸುತ್ತ ಹೊಲದ ರೇಟು ಕೇಳಿದವರಿಗೆ ಅದು ಗೊತ್ತು.

ಇಷ್ಟಾದ ಮೇಲೂ ಎರಡೆಕರೆ ಯಾಕೆ ಸಿಗುವುದಿಲ್ಲ? ಮೊದಲನೆಯದು ಉತಾರ. ಎಂಟೆಕರೆಯ ಒಂದು ಸರ್ವೆ ನಂಬರಿನಲ್ಲಿ ನಾಲ್ಕಾರು ಹೆಸರು ಜಂಟಿಯಾಗಿ ಇರುತ್ತವೆ. ಅಣ್ಣತಮ್ಮಂದಿರು ಬದು ಹಾಕಿಕೊಂಡು ಮೂವತ್ತು ವರ್ಷ ಉಳುತ್ತಾರೆ, ಕಾಗದದಲ್ಲಿ ಪೋಡಿ (ಅಳೆದು ಬೇರೆ ಬೇರೆ ಮಾಡುವುದು) ಆಗಿರುವುದಿಲ್ಲ. ನಂಬರಿನ ಒಂದು ಭಾಗ ಮಾರಬೇಕಾದರೆ ಅಳತೆಯಾಗಿ ಆ ಭಾಗದ ನಕ್ಷೆ, ಅಂದರೆ 11ಇ, ಆಗಬೇಕು, ಅದಕ್ಕೆ ಎಲ್ಲರೂ ಒಪ್ಪಬೇಕು. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಹೆಣ್ಣುಮಕ್ಕಳಿಗೂ ಹಿರಿಯರ ಆಸ್ತಿಯಲ್ಲಿ ಸಮಪಾಲು ಇದೆ. ಬರಬೇಕಾದ ಕಾನೂನೇ. ಆದರೆ ಇಲಕಲ್ಲಿಗೆ, ಸೊಲ್ಲಾಪುರಕ್ಕೆ ಕೊಟ್ಟ ಅಕ್ಕತಂಗಿಯರ ಸಹಿ ಇಲ್ಲದೆ ಕೊಂಡವನು ಕೋರ್ಟು ನೋಡುವುದು ಖಚಿತ. ಹೊಲ ಹಳೆಯ ವತನದ್ದಾದರೆ ಸರ್ಕಾರ ಅದನ್ನು ಮತ್ತೆ ಬರೆದುಕೊಟ್ಟ ಮರುಮಂಜೂರಾತಿಯ ಷರತ್ತು ಓದಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟದ್ದಾದರೆ ಅಂಥ ಹೊಲದ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಹೊಲ ವಾಪಸ್ ಹೋಗುತ್ತದೆ. ಎಷ್ಟು ವರ್ಷ ಕಳೆದರೂ ಅರ್ಜಿ ಹಾಕಬಹುದು ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಸಿಟಿಯವನ ಎರಡೆಕರೆಗಾಗಿ ಆ ರಕ್ಷಣೆ ಸಡಿಲಿಸಬೇಕು ಅಂತ ನಾನಂತೂ ಹೇಳಲಾರೆ.

ಎರಡನೆಯದು ದಾರಿ. ಮೊದಲು ಹೊಲಕ್ಕೆ ಹೋಗುವುದೆಂದರೆ ಬಂಡಿ ದಾರಿ, ಬದುವಿನ ಮೇಲಿನ ಕಾಲುದಾರಿ. ಸುಗ್ಗಿ ಮುಗಿದ ಮೇಲೆ ಯಾರ ಹೊಲದಲ್ಲಾದರೂ ಬಂಡಿ ಹಾಯುತ್ತಿತ್ತು. ಊರವರಿಗೆ ಊರವರು ಬಿಡುತ್ತಿದ್ದರು. ಹೊರಗಿನಿಂದ ಬಂದು ತಂತಿ ಬೇಲಿ ಹಾಕಿ ಗೇಟು ಇಟ್ಟವನಿಗೆ ಆ ಸಲಿಗೆ ಯಾಕೆ ಸಿಗಬೇಕು? ನಕ್ಷೆಯಲ್ಲಿ ದಾರಿ ಇಲ್ಲದಿದ್ದರೆ ತಹಶೀಲ್ದಾರ ಕಚೇರಿಯ ಮೆಟ್ಟಿಲು ಹತ್ತಬೇಕು. ಎರೆ (ಕರಿಮಣ್ಣಿನ) ಹೊಲವಾದರಂತೂ ಮಳೆಗಾಲದಲ್ಲಿ ದಾರಿ ಇದ್ದೂ ಇಲ್ಲ. ಕಾಲಿಟ್ಟರೆ ಚಪ್ಪಲಿ ಮಣ್ಣಿಗೆ, ಕಾಲು ಮಾತ್ರ ನಿಮಗೆ.

ನೀರಿನ ಮಾತು ಇನ್ನೂ ಕಠಿಣ. ಹಾನಗಲ್, ಕಲಘಟಗಿ ಕಡೆ ಮಳೆ ಜಾಸ್ತಿ, ಭತ್ತ ಆಗುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಅಲ್ಲೇ. ಕಾಡಂಚಿನ ಹಂದಿ, ಜಿಂಕೆ ಲೆಕ್ಕಕ್ಕೆ ಬರುವುದು ಆಮೇಲೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 600 ಮಿಲಿಮೀಟರ್ ಆಸುಪಾಸು. ನವಲಗುಂದದ ಎರೆ ಸೀಮೆಯಲ್ಲಿ ಹಿಂಗಾರಿ ಬಿಳಿಜೋಳ, ಕಡ್ಲಿ, ಕುಸುಬಿ ಸೊಗಸಾಗಿ ಬರುತ್ತವೆ. ಬೋರು ಕೊರೆದರೆ ಉಪ್ಪು ನೀರು. ಅಲ್ಲಿಯ ಹಳ್ಳಿಗಳು ಕುಡಿಯುವ ನೀರಿಗೆ ಊರ ಕೆರೆಯನ್ನು ನಂಬಿದ್ದು ಅದಕ್ಕೇ. ಹೊಲದಲ್ಲಿ ಒಂಟಿ ಮನೆ ಕಟ್ಟಿದವನಿಗೆ ಕೆರೆ ಎಲ್ಲಿ? ಕೃಷಿ ಹೊಂಡ ತೋಡಿದರೆ ಎರಡೆಕರೆಯಲ್ಲಿ ಕೆಲವು ಗುಂಟೆ ಅದಕ್ಕೇ ಹೋಗುತ್ತದೆ.

ಲೆಕ್ಕ ನೋಡಿ. ನಾಲ್ಕು ಮಂದಿಯ ಮನೆಗೆ ರೊಟ್ಟಿಗೆ ವರ್ಷಕ್ಕೆ ನಾಲ್ಕು ಕ್ವಿಂಟಲ್ ಜೋಳ ಬೇಕು. ಮಳೆ ಕೈಕೊಡದ ವರ್ಷ ಒಂದೆಕರೆ ಎರೆ ಅಷ್ಟು ಕೊಡುತ್ತದೆ. ನಡುವೆ ಅಕ್ಕಡಿ ಹಾಕಿದರೆ ಬೇಳೆಕಾಳೂ ಆದೀತು. ಆದರೆ ದವಾಖಾನೆ, ಶಾಲೆ ಫೀ, ಮೊಬೈಲು ಜೋಳದಲ್ಲಿ ಆಗುವುದಿಲ್ಲ. ಮನೆ ಕಟ್ಟಲು ಬಿನ್‌ಶೇತ್ಕಿ (ಭೂ ಪರಿವರ್ತನೆ) ಮಾಡಿಸಲೇಬೇಕು ಅಂತಿಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ತೋಟದ ಮನೆಗೆ ಹಿಡುವಳಿಯ ಶೇಕಡಾ 10ರವರೆಗೆ ಅವಕಾಶ ಇದೆ. ಎರಡೆಕರೆಗೆ ಅದು 8 ಗುಂಟೆ, ಒಂದು ಮನೆಗೆ ಧಾರಾಳ.

ಕೊಳ್ಳುವ ಮೊದಲು ಎರಡು ವರ್ಷ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ನೋಡೋಣ ಅಂದರೆ ಅದಕ್ಕೂ 1974ರ ತಿದ್ದುಪಡಿ ಅಡ್ಡ ಬರುತ್ತದೆ. ಸೈನಿಕರಂಥ ಕೆಲವರ ಜಮೀನು ಬಿಟ್ಟರೆ ಹೊಲ ಗೇಣಿಗೆ ಕೊಡುವುದೇ ಕಾನೂನಿನಲ್ಲಿ ಇಲ್ಲ. ಹಾಗಂತ ಲಾವಣಿ ನಿಂತಿಲ್ಲ. ಎಲ್ಲ ಬಾಯಿಮಾತು, ಒಂದು ವರ್ಷದ್ದು, ಯುಗಾದಿಗೆ ಮುಗಿಯುವುದು. ಗುರುತಿನವರಿಗೆ ಮಾತ್ರ. ಹೊರಗಿನವರು ಕಾಗದ ಮಾಡೋಣ ಅಂದ ಕೂಡಲೇ ಮಾಲಕರು ಹಿಂದೆ ಸರಿಯುತ್ತಾರೆ. ಫಾರಂ 7ರಲ್ಲಿ ಯಾರ ಹೊಲ ಹೋಯಿತು ಅನ್ನುವುದು ಪ್ರತಿ ಊರಿಗೂ ಗೊತ್ತಿದೆ.