ತ್ರೀ ನಾಟ್ ತ್ರೀ ಕಾಡತೂಸಿನ ತಳದಲ್ಲಿ ಏನು ಬರೆದಿದೆ?

ಬೆಳಗಾವಿ ಸೀಮೆಯಲ್ಲಿ ಸೈನ್ಯದ ನಂಟಿಲ್ಲದ ಊರು ಹುಡುಕುವುದು ಕಷ್ಟ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ 1922ರಿಂದ ಇಲ್ಲೇ ಇದೆ. ಅಜ್ಜನ ಟ್ರಂಕು ತೆಗೆದಾಗ ಹಳೆಯ ಬಿಲ್ಲೆ, ಬೆಲ್ಟುಗಳ ಜೊತೆ ತ್ರೀ ನಾಟ್ ತ್ರೀ, ಅಂದರೆ ಸೈನ್ಯದ ಹಳೆಯ ಪಾಯಿಂಟ್ 303 ಇಂಚು ಅಳತೆಯ ರೈಫಲ್ಲಿನ, ಒಂದೆರಡು ಕಾಡತೂಸೂ ಸಿಕ್ಕಿತು ಅಂದರೆ ಇಲ್ಲಿ ಯಾರೂ ಬೆಚ್ಚಿ ಬೀಳುವುದಿಲ್ಲ. ಆಮೇಲೆ ಶುರುವಾಗುತ್ತದೆ ಗೊಂದಲ. ಇದು ಜೀವಂತ ಗುಂಡೋ, ಖಾಲಿಯೋ? ಹಾರಿಸಬಹುದಾ? ಇಟ್ಟುಕೊಂಡರೆ ಕೇಸ್ ಆಗುತ್ತದಾ?

ಆಯುಧದ ಕಾನೂನಿನ ಜೊತೆ ಈ ಸೀಮೆಯ ಜಗಳ ಇಂದಿನದಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಂ ಬಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ, ಊರೇ ಸುಟ್ಟುಹೋಯಿತು. 1878ರಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂತು. 1959ರಲ್ಲಿ ಅದನ್ನು ತೆಗೆದು ಹೊಸದು ತಂದರು. ಆದರೆ ಸೈನ್ಯದ ಅಳತೆಯ ಗುಂಡು ಸಾಮಾನ್ಯರ ಕೈಗೆ ಸಿಗಬಾರದು ಎಂಬ ಬ್ರಿಟಿಷರ ಯೋಚನೆ ಹಾಗೇ ಉಳಿಯಿತು. ಹಾಗಾಗಿ ಪಾಯಿಂಟ್ 303 ನಿಷೇಧಿತ ಅಳತೆ. ಲೈಸೆನ್ಸ್ ಇದ್ದವರಿಗೆ ಸರ್ಕಾರಿ ಕಾರ್ಖಾನೆಯೇ ಪಾಯಿಂಟ್ 315 ರೈಫಲ್ ಮಾಡಿ ಕೊಟ್ಟಿತು. ಅಮೆರಿಕದಂಥ ದೇಶಗಳಲ್ಲಿ ಸೈನ್ಯದ ಹಳೆಯ ಗುಂಡನ್ನು ಪೆಟ್ಟಿಗೆಗಟ್ಟಲೆ ಕೊಂಡು ಹಾರಿಸುತ್ತಾರೆ. ನಮ್ಮಲ್ಲಿ ಆ ಪ್ರಶ್ನೆಯೇ ಇಲ್ಲ.

ಇನ್ನು ಗುರುತು ಹಿಡಿಯುವ ವಿಚಾರ. ಕಾಡತೂಸಿನ ತಳ ನೋಡಿ. ಕೆ, ಎಫ್ ಎಂಬ ಎರಡು ಇಂಗ್ಲಿಷ್ ಅಕ್ಷರ, ನಡುವೆ ಬಾಣದ ಗುರುತು ಇದ್ದರೆ ಅದು ಪುಣೆ ಪಕ್ಕದ ಖಡಕಿ ಕಾರ್ಖಾನೆಯದು. ಜೊತೆಗೆ ಎರಡಂಕಿಯ ವರ್ಷ, 43 ಅಂದರೆ 1943. ರೋಮನ್ ಅಂಕಿಯಲ್ಲಿ ಏಳು ಅಂತಿದ್ದರೆ ಅದು 1910ರಲ್ಲಿ ಬಂದ ಮಾರ್ಕ್ ಸೆವೆನ್ ಮಾದರಿ. 174 ಗ್ರೇನ್, ಅಂದರೆ ಸುಮಾರು 11.3 ಗ್ರಾಂ ತೂಕದ ಚೂಪು ಮೂತಿಯ ಗುಂಡು. ಏಳರ ಪಕ್ಕ ಝಡ್ ಅಕ್ಷರ ಇದ್ದರೆ ಒಳಗಿರುವುದು ನೈಟ್ರೋಸೆಲ್ಯುಲೋಸ್ ಮದ್ದು, ಇಲ್ಲದಿದ್ದರೆ ಕಾರ್ಡೈಟ್ ಎಂಬ ಹಳೆಯ ಬಗೆಯ ಮದ್ದು. ಈ ಕಾರ್ಡೈಟ್ ಮಾಡಲೆಂದೇ ನೀಲಗಿರಿಯ ಅರುವಂಕಾಡಿನಲ್ಲಿ 20ನೇ ಶತಮಾನದ ಮೊದಲ ವರ್ಷಗಳಲ್ಲೇ ಕಾರ್ಖಾನೆ ಎದ್ದಿತ್ತು.

ತಳದ ನಡುವೆ ಒಂದು ಚಿಕ್ಕ ಬಟ್ಟು ಇರುತ್ತದೆ, ಅದೇ ಕ್ಯಾಪ್. ಅದರ ಸುತ್ತಲಿನ ಬಣ್ಣದ ಗೆರೆ ನೇರಳೆಯಾದರೆ ಸಾಮಾನ್ಯ ಗುಂಡು. ಕೆಂಪಾದರೆ ಉರಿಯುತ್ತಾ ದಾರಿ ತೋರುವ ಟ್ರೇಸರ್. ಹಸಿರಾದರೆ ಉಕ್ಕು ಸೀಳುವಂಥದ್ದು. ಎಷ್ಟೋ ಸಲ ಬಣ್ಣ ಮಾಸಿರುತ್ತದೆ, ಅದನ್ನೇ ನಂಬಬೇಡಿ. ಕ್ಯಾಪಿನಲ್ಲಿ ಗುಳಿ ಬಿದ್ದು ಮೇಲೆ ಗುಂಡು ಇಲ್ಲದಿದ್ದರೆ ಅದು ಹಾರಿಸಿದ ಖಾಲಿ. ಗುಳಿಯೂ ಇದೆ, ಗುಂಡೂ ಹಾಗೇ ಇದೆ ಅಂದರೆ? ಅದು ಬಂದೂಕಿನ ಮೊಳೆ ಕ್ಯಾಪಿಗೆ ಬಡಿದರೂ ಸಿಡಿಯದ ಗುಂಡು. ಮುಟ್ಟದೇ ಬಿಡುವುದು ಜಾಣತನ.

ಹಳೆಯ ಗುಂಡು ಯಾಕೆ ನಂಬಿಕೆಗೆ ಅರ್ಹವಲ್ಲ ಎಂಬುದಕ್ಕೆ ನಮ್ಮ ಮಳೆಯೇ ಒಂದು ಕಾರಣ. ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ಕಾಡತೂಸುಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿದ ಮೇಲೆ ನೋಡಿದರೆ ಹಿತ್ತಾಳೆ ಸೀಳಿರುತ್ತಿತ್ತು. ಯಾಕೆಂದು ತುಂಬಾ ಕಾಲ ತಿಳಿಯಲಿಲ್ಲ. ಕುದುರೆ ಉಚ್ಚೆಯ ಅಮೋನಿಯ, ತೇವ, ಮತ್ತು ಹಿತ್ತಾಳೆಯನ್ನು ಜಗ್ಗಿ ಕೊಳವೆ ಮಾಡುವಾಗ ಅದರೊಳಗೆ ಉಳಿಯುವ ಬಿಗಿ, ಈ ಮೂರೂ ಸೇರಿ ಹೀಗಾಗುತ್ತದೆ ಎಂದು 1921ರಲ್ಲಿ ವಿಜ್ಞಾನಿಗಳು ಬಿಡಿಸಿ ಹೇಳಿದರು. ಹಿತ್ತಾಳೆಯನ್ನು ಹದವಾಗಿ ಕಾಯಿಸಿದರೆ ಆ ಬಿಗಿ ಇಳಿಯುತ್ತದೆ. ಇಲ್ಲಿ ಜೂನ್‌ನಿಂದ ಜಿಟಿಜಿಟಿ ಹಿಡಿದರೆ ಅಟ್ಟದ ಮೇಲಿನ ಟ್ರಂಕಿಗೂ ತೇವ ತಪ್ಪಿದ್ದಲ್ಲ.

ಕ್ಯಾಪಿನ ಮದ್ದಿನದು ಇನ್ನೊಂದು ಕಥೆ. ಅದರಲ್ಲಿ ಪೊಟ್ಯಾಶಿಯಂ ಕ್ಲೋರೇಟ್ ಇರುತ್ತಿತ್ತು. ಸಿಡಿದ ಮೇಲೆ ನಳಿಗೆಯೊಳಗೆ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ನೀರೆಳೆಯುತ್ತದೆ. ಒಂದೇ ರಾತ್ರಿಯಲ್ಲಿ ನಳಿಗೆಗೆ ತುಕ್ಕು ಹಿಡಿಯಬಹುದು. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಅಲ್ವಾ? ಅದಕ್ಕೇ ಅಂದಿನ ಸಿಪಾಯಿಗಳು ಫೈರಿಂಗ್ ಮುಗಿದ ಕೂಡಲೇ ನಳಿಗೆಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಬಿಸಿಗೆ ಲೋಹ ತಾನೇ ಒಣಗುತ್ತಿತ್ತು, ಆಮೇಲೆ ಎಣ್ಣೆ ಬಟ್ಟೆ.

ಹಳೆಯ ಮದ್ದಿನ ಇನ್ನೊಂದು ಕಾಟ ತಡವಾಗಿ ಸಿಡಿಯುವುದು. ಟ್ರಿಗರ್ ಒತ್ತಿದಾಗ ಟಕ್ ಎಂದು ಸುಮ್ಮನಾಗಿ, ಕ್ಷಣ ಬಿಟ್ಟು ಹಾರುತ್ತದೆ. ಆ ಹೊತ್ತಿಗೆ ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಚಿಲಕ, ಎಳೆದಿದ್ದರೆ ಮುಖಕ್ಕೇ ಅಪಾಯ. ಅದಕ್ಕೇ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಅರ್ಧ ನಿಮಿಷ ಕಾಯಿರಿ ಎಂದು ಕಲಿಸುತ್ತಾರೆ. ಇನ್ನು 303 ಗುಂಡನ್ನು 315 ರೈಫಲ್ಲಿಗೆ ಹಾಕಿ ನೋಡೋಣ ಎಂಬ ಹುಚ್ಚು ಯಾರಿಗೂ ಬೇಡ. ಎರಡಕ್ಕೂ ಖಡಕಿಯ ಮುದ್ರೆ ಇರಬಹುದು, ಆದರೆ ಕಾಡತೂಸಿನ ಉದ್ದ ಬೇರೆ, ಗುಂಡಿನ ದಪ್ಪ ಬೇರೆ.

ಸೈನ್ಯ 1962ರ ಯುದ್ಧದ ನಂತರ 7.62 ಮಿಲಿಮೀಟರ್ ಅಳತೆಯ ಗುಂಡಿಗೆ, 1990ರ ದಶಕದಲ್ಲಿ 5.56ಕ್ಕೆ ಹೋಯಿತು. ಪೊಲೀಸರ ಹೆಗಲ ಮೇಲೆ ಮಾತ್ರ ತ್ರೀ ನಾಟ್ ತ್ರೀ ತೀರಾ ಈಚಿನವರೆಗೂ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ.

ಅಷ್ಟರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. 2019ರ ತಿದ್ದುಪಡಿಯ ಪ್ರಕಾರ ನಿಷೇಧಿತ ಗುಂಡು ಇಟ್ಟುಕೊಂಡರೆ 7ರಿಂದ 14 ವರ್ಷ ಜೈಲು. ಗೊತ್ತಿದ್ದು ಇಟ್ಟುಕೊಂಡಿದ್ದರೆ ಮಾತ್ರ ತಪ್ಪು ಎಂಬ ಅರ್ಥದ ಸುಪ್ರೀಂ ಕೋರ್ಟ್ ತೀರ್ಪು 1972ರಿಂದಲೂ ಇದೆ. ಆದರೆ ಟ್ರಂಕು ತೆಗೆದು ನೋಡಿದ ಮೇಲೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲವಲ್ಲ. ಇದೇ ಹೆದರಿಕೆಗೆ ಜನ ಬಾವಿಗೆ ಹಾಕುವ, ಗುಜರಿಗೆ ಕೊಡುವ ಯೋಚನೆ ಮಾಡುತ್ತಾರೆ. ಗುಜರಿಯಲ್ಲಿ ಅದು ಕುಲುಮೆಗೆ ಹೋದರೆ ಕರಗಿಸುವವನ ಕಣ್ಣು ಹೋಗಬಹುದು.

ದಾರಿ ಕಾಯ್ದೆಯಲ್ಲೇ ಇದೆ. ಇಟ್ಟುಕೊಳ್ಳುವ ಹಕ್ಕು ಹೋದ ಆಯುಧ, ಗುಂಡುಗಳನ್ನು ತಡಮಾಡದೆ ಹತ್ತಿರದ ಠಾಣೆಗೆ ಒಪ್ಪಿಸಬೇಕು ಎನ್ನುತ್ತದೆ 21ನೇ ಕಲಂ. ತಾನಾಗಿ ತಂದುಕೊಟ್ಟವರನ್ನು ಆರೋಪಿಯ ಹಾಗೆ ಕೂರಿಸುವುದಿಲ್ಲ ಎಂದು ಊರೂರಲ್ಲಿ ಡಂಗುರ ಸಾರಿದರೆ, ಮಾಜಿ ಸೈನಿಕರ ಸಂಘಗಳನ್ನೂ ಜೊತೆಗೆ ಕರೆದರೆ, ಎಷ್ಟೋ ಟ್ರಂಕು ಖಾಲಿಯಾದಾವು. ಸಿಕ್ಕವರು ಸದ್ಯಕ್ಕೆ ಮಾಡಬೇಕಾದ್ದು ಇಷ್ಟೇ: ಬಡಿಯಬೇಡಿ, ಬಿಚ್ಚಬೇಡಿ, ಬಿಸಿಲಿಗೆ ಇಡಬೇಡಿ. ಇದ್ದಲ್ಲೇ ಬಿಟ್ಟು ಫೋಟೊ ತೆಗೆದು, ಪರಿಚಯದ ವಕೀಲರನ್ನೋ ಹಿರಿಯ ಮಾಜಿ ಸೈನಿಕರನ್ನೋ ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ ಹೇಳಿ. ಗುಂಡನ್ನು ಜೇಬಿನಲ್ಲಿ ಹಾಕಿಕೊಂಡು ಬಸ್ ಹತ್ತಬೇಡಿ. ಕೊಟ್ಟ ಮೇಲೆ ರಸೀದಿ ಕೇಳಿ ಪಡೆಯಿರಿ.