ಹೊಸದು ಬಂದರೂ ಹಳೆಯದೇ ಓಡುವುದೇಕೆ?

ಟೆಕ್ಸ್ಟ್ ಎಡಿಟರಿನ ಪ್ಯಾಕೇಜ್ (ಎಡಿಟರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಅಪ್‌ಡೇಟ್ ಆಗುತ್ತಿಲ್ಲ ಅನ್ನುವವರ ಕಂಪ್ಯೂಟರಿನಲ್ಲಿ ಬಹಳ ಸಲ ಹೊಸ ಆವೃತ್ತಿ ಆಗಲೇ ಬಂದು ಕೂತಿರುತ್ತದೆ. ಓಡುವುದು ಮಾತ್ರ ಹಳೆಯದು.

ಶಿರಸಿ ಹತ್ತಿರದ ಗೆಳೆಯನೊಬ್ಬ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದ ದಿನ, ಕೊನೆ ಕೊಯ್ಯುವ ಕೊನೆಗೌಡನಿಗೆ ಕೊಟ್ಟ ಕೂಲಿ, ಚಾಲಿ ಅಡಿಕೆ ಮಾರಿದ ದರ ಎಲ್ಲವನ್ನೂ ಇಮ್ಯಾಕ್ಸ್ ಎಡಿಟರಿನಲ್ಲಿ ಟಿಪ್ಪಣಿ ಬರೆದಿಡುವ ಪ್ಯಾಕೇಜಾದ ಆರ್ಗ್ ಮೋಡ್‌ನಲ್ಲಿ ಬರೆದಿಡುತ್ತಾನೆ. ಮೊನ್ನೆ ಫೋನು ಮಾಡಿ, "ಹೊಸ್ತು ಹಾಕಿ ಆತು ಭಾವ, ಆದ್ರೂ ಹಳೇದೇ ತೋರಿಸ್ತಾ ಇದ್ದು" ಎಂದ.

ಆರ್ಗ್ ಮೋಡನ್ನು 2003ರಲ್ಲಿ ಶುರುಮಾಡಿದವರು ಖಗೋಳ ವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್. 2007ರ ಇಮ್ಯಾಕ್ಸ್ 22ರಿಂದ ಅದು ಎಡಿಟರಿನ ಜೊತೆಗೇ ಬರುತ್ತದೆ. ತೊಡಕು ಹುಟ್ಟುವುದು ಅಲ್ಲಿಯೇ. ನಾವು ಬೇರೆಯಾಗಿ ಇಳಿಸಿಕೊಂಡರೆ ಒಂದೇ ಹೆಸರಿನ ಎರಡು ಪ್ರತಿಗಳು ಡಿಸ್ಕಿನಲ್ಲಿರುತ್ತವೆ. ಇಮ್ಯಾಕ್ಸ್ ಬಳಿ ಫೋಲ್ಡರುಗಳ ಒಂದು ಪಟ್ಟಿ ಇದೆ. ಅದರಲ್ಲಿ ಮೇಲಿನಿಂದ ಹುಡುಕುತ್ತ ಹೋಗಿ, ಹೆಸರು ಎಲ್ಲಿ ಮೊದಲು ಸಿಗುತ್ತದೋ ಅದನ್ನೇ ಎತ್ತಿಕೊಳ್ಳುತ್ತದೆ. ಯಾವುದು ಹೊಸದೆಂದು ಹೋಲಿಸಿ ನೋಡುವುದಿಲ್ಲ. ಒಂದೇ ಹೆಸರಿನ ಇಬ್ಬರು ಹೆಗಡೆಯರಿರುವ ಊರಿನಲ್ಲಿ ದಾರಿಗೆ ಮೊದಲು ಸಿಕ್ಕ ಮನೆಗೇ ಪತ್ರ ಕೊಟ್ಟು ಹೋದ ಹಾಗೆ.

ಎಲ್ಲ ಅಳಿಸಿ ಮತ್ತೆ ಹಾಕು ಎಂಬ ಸಲಹೆ ನನಗೆ ಒಪ್ಪಿಗೆಯಿಲ್ಲ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಘಟ್ಟದ ಮೇಲೆ ಅದು ದಂಡದ ಕೆಲಸ, ಕಾರಣವೂ ತಿಳಿಯುವುದಿಲ್ಲ. ಎಡಿಟರನ್ನೇ ಕೇಳುವುದು ಮೇಲು. 'ಲೊಕೇಟ್-ಲೈಬ್ರರಿ' ಆದೇಶ ಕೊಟ್ಟರೆ ಯಾವ ಫೋಲ್ಡರಿನ ಪ್ರತಿ ಲೋಡ್ ಆಗುತ್ತದೆಂದು ತೋರಿಸುತ್ತದೆ. 'ಲಿಸ್ಟ್-ಲೋಡ್-ಪಾತ್-ಶಾಡೋಸ್' ಕೊಟ್ಟರೆ ಯಾವುದು ಯಾವುದನ್ನು ಮರೆಮಾಡಿದೆ ಎಂಬ ಪಟ್ಟಿಯೇ ಬರುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಸೂಕ್ಷ್ಮ. ಇಮ್ಯಾಕ್ಸ್ ಪ್ಯಾಕೇಜುಗಳು ಬೇಗ ಓಡಲೆಂದು ಕಂಪೈಲ್ ಆಗಿರುತ್ತವೆ, ಅಂದರೆ ಮನುಷ್ಯರು ಬರೆದ ಮೂಲ ಕಡತದಿಂದ ಯಂತ್ರಕ್ಕೆ ಹಗುರಾದ ರೂಪಕ್ಕೆ ಬದಲಾಗಿರುತ್ತವೆ. ಮೂಲ ಕಡತ ಹೊಸದಾಗಿದ್ದು ಕಂಪೈಲ್ ಆದದ್ದು ಹಳೆಯದಾಗಿದ್ದರೂ ಇಮ್ಯಾಕ್ಸ್ ತಾನಾಗಿ ಆಯ್ದುಕೊಳ್ಳುವುದು ಕಂಪೈಲ್ ಆದದ್ದನ್ನೇ. ಹಳೆಯ ಆರ್ಗ್ ಮೆಮೊರಿಯಲ್ಲಿರುವಾಗ ಹೊಸದನ್ನು ಹಾಕಿದರಂತೂ, ಹಳೆಯ ಮ್ಯಾಕ್ರೋಗಳು (ಕಂಪೈಲ್ ಆಗುವಾಗ ಪೂರ್ತಿ ಕೋಡಾಗಿ ಬಿಡಿಸಿಕೊಳ್ಳುವ ಅಚ್ಚುಗಳು) ಹೊಸ ಕಡತದೊಳಗೆ ಕಂಪೈಲ್ ಆಗಿ ಕೂತುಬಿಡುತ್ತವೆ. ಆಗ ಎರಡೂ ಅಲ್ಲದ ಒಂದು ಮಿಶ್ರಣ ಓಡುತ್ತದೆ, ಅರ್ಥವಾಗದ ದೋಷಗಳು ಬರುತ್ತವೆ. ಆದ್ದರಿಂದ ಇಮ್ಯಾಕ್ಸನ್ನು ಪೂರ್ತಿ ಮುಚ್ಚಿ ತೆರೆದು, ಒಂದೂ ಆರ್ಗ್ ಕಡತ ತೆರೆಯುವ ಮೊದಲೇ ಪ್ಯಾಕೇಜ್ ಹಾಕಬೇಕು.

ಕೆಲವು ಸಲ ತಪ್ಪು ನಮ್ಮ ಯಂತ್ರದ್ದೇ ಅಲ್ಲ. ಇಮ್ಯಾಕ್ಸ್ ಪ್ಯಾಕೇಜುಗಳ ಅಧಿಕೃತ ಭಂಡಾರ ಪ್ಯಾಕೇಜು ಅಸಲಿಯೆಂದು ತೋರಿಸಲು ಸಹಿಹಾಕುವ ಡಿಜಿಟಲ್ ಕೀಲಿಯ ಅವಧಿ 2019ರಲ್ಲಿ ಮುಗಿದಾಗ, ಹೊಸ ಕೀಲಿ ಇಲ್ಲದ ಯಂತ್ರಗಳಲ್ಲಿ ಸಹಿ ತಾಳೆಯಾಗದೆ ಅಪ್‌ಡೇಟ್ ನಿಂತಿತ್ತು.

ವಿಎಸ್ ಕೋಡ್ ಎಂಬ ಇನ್ನೊಂದು ಎಡಿಟರ್ ಬಳಸುವವರ ಕಥೆ ಬೇರೆ. ಅಲ್ಲಿ ಪ್ಯಾಕೇಜಿಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಪ್ರತಿ ಎಕ್ಸ್‌ಟೆನ್ಷನ್ ತನಗೆ ಕನಿಷ್ಠ ಯಾವ ಆವೃತ್ತಿಯ ಎಡಿಟರ್ ಬೇಕೆಂದು ಬರೆದುಕೊಂಡಿರುತ್ತದೆ. ಎಡಿಟರ್ ಹಳೆಯದಾದರೆ ಅದಕ್ಕೆ ಹೊಂದುವ ಹಳೆಯ ಎಕ್ಸ್‌ಟೆನ್ಷನ್ ಮಾತ್ರ ಸಿಗುತ್ತದೆ. ವಿಂಡೋಸ್ 7ರ ಯಂತ್ರಗಳಲ್ಲಿ ವಿಎಸ್ ಕೋಡ್ 1.70ರ ಮುಂದೆ ಹೋಗುವುದಿಲ್ಲ. ಅಲ್ಲಿ ಬದಲಿಸಬೇಕಾದದ್ದು ಆಪರೇಟಿಂಗ್ ಸಿಸ್ಟಮ್ಮನ್ನೇ.