ಹೊಂಗೆ ಹೂವಿನ ಗಂಟು ಯಾರದು?

ಹೊಂಗೆ ಹೂ ಬಿಡುವ ಕಾಲ ಬಂತೆಂದರೆ ನನ್ನ ಫೋನಿಗೆ ಫೋಟೋಗಳು ಬರಲು ಶುರು. "ಸರ್, ಇದು ಯಾವ ಹುಳ?" ಫೋಟೋದಲ್ಲಿ ಹುಳ ಇರುವುದಿಲ್ಲ, ಗಂಟು ಮಾತ್ರ ಇರುತ್ತದೆ, ಅಂದರೆ ಪುಟ್ಟ ಜೀವಿಯೊಂದರಿಂದಾಗಿ ಗಿಡದ ಭಾಗ ಊದಿಕೊಂಡದ್ದು. ನಾನು ಮೊದಲು ಕೇಳುವುದು ಎರಡೇ. ಗಿಡ ಯಾವುದು? ಗಂಟು ಅದರ ಯಾವ ಭಾಗದಲ್ಲಿದೆ?

ಗಂಟು ಕಟ್ಟುವ ಹೆಚ್ಚಿನ ಕೀಟಗಳು ಒಂದೇ ಗಿಡಕ್ಕೋ ಅದರ ಹತ್ತಿರದ ನೆಂಟರಿಗೋ ಅಂಟಿಕೊಂಡಿರುತ್ತವೆ. ಹಾಗಾಗಿ ಗಿಡ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧಕ್ಕೆ ಹೊಂಗೆಯನ್ನೇ ನೋಡಿ. ಎಲೆಯ ಮೇಲೆ ಪುಟ್ಟ ಬೆರಳುಗಳಂತೆ ಎದ್ದಿರುವ ಗಂಟು ಮೈಟ್ ನುಸಿಯದು. ಅದು ಕೀಟವೇ ಅಲ್ಲ, ಜೇಡದ ಬಳಗ. ಬರಿಗಣ್ಣಿಗೆ ಕಾಣುವುದಿಲ್ಲ, ಕಾಲು ನಾಲ್ಕೇ. ಅದೇ ಮರದ ಹೂಗೊಂಚಲಲ್ಲಿ ಕೆಲವು ಮೊಗ್ಗುಗಳು ಅರಳದೆ, ಕಾಯಿಯೂ ಕಟ್ಟದೆ, ಉಂಡೆಯಾಗಿ ಊದಿರುತ್ತವೆ. ಅದು ಆಸ್ಫಾಂಡೀಲಿಯಾ ಪೊಂಗಾಮಿಯೆ ಎಂಬ ಪುಟ್ಟ ನೊಣದ ಕೆಲಸ. ನಮ್ಮ ಭತ್ತದ ಕಣೆ ನೊಣ ಇದೇ ಕುಟುಂಬದ್ದು.

ಆ ಉಂಡೆಯನ್ನು ಬ್ಲೇಡಿನಲ್ಲಿ ನಿಧಾನವಾಗಿ ಸೀಳಿ. ಒಳಗೊಂದು ಸಣ್ಣ ಕೋಣೆ, ಅದರಲ್ಲಿ ಕಾಲಿಲ್ಲದ ಮರಿಹುಳ. ಬಲಿತ ಮರಿಹುಳವನ್ನು ಲೆನ್ಸಿನಡಿ ತಿರುಗಿಸಿದರೆ ಎದೆಯಡಿ ಕಂದು ಬಣ್ಣದ ಚಿಕ್ಕ ಕಡ್ಡಿಯಂಥ ಗುರುತು ಕಾಣುತ್ತದೆ. ಇದು ಕಂಡರೆ ಕಣೆ ನೊಣದ ಕುಟುಂಬ ಎಂದು ಧೈರ್ಯವಾಗಿ ಬರೆಯಬಹುದು. ಅದರಲ್ಲೂ ಆಸ್ಫಾಂಡೀಲಿಯಾ ಕುಲದ ನೊಣಗಳ ಗಂಟಿನಲ್ಲಿ ಕೋಣೆಯ ಗೋಡೆಗೆ ಬೂಸ್ಟು ಹಿಡಿದಿರುತ್ತದೆ. ಕೊಳೆತಿದೆ ಎಂದು ಎಸೆಯಬೇಡಿ. ತಾಯಿ ಮೊಟ್ಟೆ ಇಡುವಾಗಲೇ ಆ ಬೂಸ್ಟಿನ ಬೀಜಕಣವನ್ನೂ ಒಳಗೆ ಸೇರಿಸಿರುತ್ತಾಳೆ.

ಬೇರೆ ಗಂಟುಗಳಲ್ಲೂ ಒಳಗಿರುವವರು ಬೇಗ ಗುರುತು ಕೊಡುತ್ತಾರೆ. ಮಡಚಿದ ಎಲೆಯೊಳಗೆ ಥ್ರಿಪ್ಸ್ ಎಂಬ ಸಣ್ಣ ಕಪ್ಪು ಕೀಟಗಳು ಹಿಂಡಾಗಿರುತ್ತವೆ. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಹಾಲೆ ಮರದ ಎಲೆಗುಳ್ಳೆಗಳಲ್ಲಿ ಕೂತು ರಸ ಹೀರುವುದು ಸಿಲ್ಲಿಡ್ ಎಂಬ ಪುಟ್ಟ ಕೀಟದ ಮರಿ. ಕಮ್ಯೂನಿಸ್ಟ್ ಗಿಡದ ಕಾಂಡ ಊದಿದ್ದರೆ, ಆ ಕಳೆಯನ್ನು ಹತೋಟಿಗೆ ತರಲೆಂದೇ 2005ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ನೊಣ ಇರಬಹುದು.

ಹೊರಬಂದ ತೂತನ್ನೂ ನೋಡಬೇಕು. ಹೊಂಗೆ ಹೂವಿನ ಗಂಟಿನ ತೂತಿನಲ್ಲಿ ಮರಿಹುಳ ನೊಣವಾಗುವ ಮುಂಚಿನ ಕೋಶದ ಖಾಲಿ ಸಿಪ್ಪೆ ಅರ್ಧ ಹೊರಗೆ ಸಿಕ್ಕಿಕೊಂಡಿರುತ್ತದೆ. ಗಂಟು ಕಟ್ಟುವ ಕಣಜ ಹಾಗಲ್ಲ, ದುಂಡಗೆ ಕೊರೆದು ಹೋಗುತ್ತದೆ. ಮನೆಯಲ್ಲಿ ಮಾಚಿಕಾಯಿ ಇದ್ದರೆ ತೆಗೆದು ನೋಡಿ. ಅದು ಕಾಯಿಯಲ್ಲ, ತುರ್ಕಿ, ಇರಾನ್ ಕಡೆಯ ಓಕ್ ಮರದ ಗಂಟು. ಕೆಲವದರಲ್ಲಿ ಕಣಜ ಹೋದ ತೂತು ಈಗಲೂ ಇರುತ್ತದೆ.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹೊಂಗೆ ಗಂಟುಗಳನ್ನು ಡಬ್ಬಿಯಲ್ಲಿಟ್ಟೆ. ವಾರದಲ್ಲಿ ಹಸಿರು ಮಿಂಚಿನ ಸಣ್ಣ ಕಣಜಗಳು ಬಂದವು. ಖುಷಿಯಲ್ಲಿ "ಗಂಟು ಮಾಡುವ ಕೀಟ" ಎಂದೇ ಚೀಟಿ ಅಂಟಿಸಿದೆ. ನಿಜಕ್ಕೂ ಅವು ನೊಣದ ಮರಿಯನ್ನು ತಿಂದು ಬೆಳೆದವು. ಗಂಟಿನಿಂದ ಹೊರಬಂದವರೆಲ್ಲ ಅದನ್ನು ಕಟ್ಟಿದವರಲ್ಲ, ಅಲ್ವಾ?

ಅದಕ್ಕೇ ಈಗ ಇಪ್ಪತ್ತು ಗಂಟು ಸಿಕ್ಕರೆ ಹತ್ತನ್ನು ಅವತ್ತೇ ಸೀಳಿ, ಮರಿಗಳನ್ನು ಆಲ್ಕೋಹಾಲಿನಲ್ಲಿಡುತ್ತೇನೆ. ಉಳಿದ ಹತ್ತು ಟಿಶ್ಯೂ ಹಾಕಿದ ಡಬ್ಬಿಗೆ. ಎರಡಕ್ಕೂ ಒಂದೇ ಚೀಟಿ: ಗಿಡ, ಭಾಗ, ಊರು, ತಾರೀಖು. ಪೆನ್ಸಿಲಿನಲ್ಲೇ ಬರೆಯಿರಿ, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ.